ಬಾಯಿ ತೆರೆದು ನಿಂತ ಹನುಮಪ್ಪ

ಸಂಜೆ ಕೆಲಸ ಬಿಟ್ಟಾಗ, ಆದೋನಿಯ ನಮ್ಮ ಹತ್ತಿ ಜಿನ್ನಿಂಗ್ ಗಿರಣಿಯ ಬಾಗಿಲಲ್ಲಿ ಹೊಸ ಕೂಲಿಯಾಳು ಹನುಮಪ್ಪ ನನ್ನೆದುರು ನಿಂತು ಎರಡೂ ಕೈ ಮೇಲೆತ್ತಿ ಬಾಯಿ ತೆರೆದ. ಮದರಾಸಿನಲ್ಲಿ ಓದಿ ಬಂದ ನನ್ನ ಪ್ಯಾಂಟು ನೋಡಿ ಅಧಿಕಾರಿ ಎಂದುಕೊಂಡಿರಬೇಕು.

"ಏನು ಮಾವಾ, ಬಾಯಾಗ ಹತ್ತಿ ಮುಚ್ಚಿಟ್ಕೊಂಡಿಯೇನು?" ಎಂದು ಅವನದೇ ಊರಿನ ಗುಮಾಸ್ತ ನಕ್ಕ. ಆಮೇಲೆ ನನಗೆ ಹೇಳಿದ: ಹನುಮಪ್ಪ ಪ್ರಾಯವೆಲ್ಲ ಚಿನ್ನದ ಗಣಿಯ ಆಳದಲ್ಲಿ ಬಂಡೆ ಕೊರೆದು ಧೂಳು ನುಂಗಿದವನು. ಚಿನ್ನ ಕದ್ದಿಲ್ಲವೆಂದು ಬಾಯಿ ತೋರಿಸದೆ ಅಲ್ಲಿ ಯಾರೂ ಮನೆಗೆ ಹೋಗುವಂತಿರಲಿಲ್ಲ. ಗಣಿ ಮುಚ್ಚಿದರೂ ರೂಢಿ ಹೋಗಿಲ್ಲ.

ಆತ ಕದಲಲಿಲ್ಲ. ನಾನು ಬಗ್ಗಿ ನೋಡಿದೆ. ನಾಲಿಗೆಯ ಬುಡದಲ್ಲಿ ರಕ್ತವಿತ್ತು.

"ರಕ್ತ ಬರಾಕತ್ತೈತಿ. ದವಾಖಾನಿಗೆ ಹೋಗಪ್ಪ" ಎಂದೆ.

"ರಕ್ತ ನಂದ ಐತ್ರಿ ಸಾಮಿ" ಎಂದ, ಕೈ ಇಳಿಸದೆ. "ಮನೀಗಿ ಹೋಗ್ಲೇನ್ರಿ?"

ಆತ ಮತ್ತೆ ಕೆಲಸಕ್ಕೆ ಬರಲಿಲ್ಲ. ಬಾಯಲ್ಲಿ ಕಂಡದ್ದು ರಕ್ತವಲ್ಲ, ಎಲೆಅಡಿಕೆಯ ಕೆಂಪು ಎಂದು ಗುಮಾಸ್ತ ಈಗಲೂ ಸಾಧಿಸುತ್ತಾನೆ. ಇರಬಹುದು, ಕಣ್ಣಾರೆ ಕಂಡದ್ದನ್ನೂ ವರ್ಷಗಳು ಕಳೆದ ಮೇಲೆ ನಾನು ನಂಬುವವನಲ್ಲ. ಆದರೆ ನಾನು "ಮನೀಗಿ ಹೋಗು" ಎನ್ನುವವರೆಗೂ ಆತ ಕೈ ಎತ್ತಿಕೊಂಡೇ ಕಾದದ್ದನ್ನು ಅನುಮಾನಿಸಲು ಎಷ್ಟು ಯತ್ನಿಸಿದರೂ ಆಗಿಲ್ಲ.