ಸದ್ದಿಲ್ಲದ ಟಿವಿ

ಒಂಬೈನೂರು ರೂಪಾಯಿ. ಸೆಕೆಂಡ್‌ಹ್ಯಾಂಡ್ ಕಪ್ಪು-ಬಿಳುಪು ಟಿವಿಗೆ ತೊಂಬತ್ತರ ದಶಕದ ಶುರುವಿನಲ್ಲಿ ಅದು ಅಗ್ಗವೇ. ಅಂಗಡಿಯವನು ಸಾವಿರದೈನೂರು ಹೇಳಿದ್ದ. ಚಿತ್ರ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅಲ್ಲೇ ಅವನನ್ನು ಹಿಡಿದೆ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಹಗಲಿಡೀ ನಾಲ್ಕು ಪವರ್‌ಲೂಮ್ ಬಡಿಯುತ್ತಿದ್ದವು. ಕೇಳಿಸದ ಸದ್ದಿಗೆ ದುಡ್ಡೇಕೆ?

ಮೊನ್ನೆ ಗುಜರಿಯವನು ಅಟ್ಟದಿಂದ ಇಳಿಸಿದ ಆ ಪೆಟ್ಟಿಗೆಯನ್ನು ತಟ್ಟಿ ನೋಡಿ ನೂರು ರೂಪಾಯಿ ಅಂದಾಗ ಇದೆಲ್ಲ ನೆನಪಾಯಿತು.

ಕೊಂಡದ್ದು ಮಗಳು ಗಿರಿಜಾಗೆ. ಮೂರು ವರ್ಷದ ಕೂಸು, ಓಡುವ ಮಗ್ಗದ ಬೆಲ್ಟಿಗೆ ಕೈ ಕೊಟ್ಟರೆ ಗತಿಯೇನು? ಪಕ್ಕದ ಮನೆಯಿಂದ ಕೇಬಲ್ ಎಳೆಸಿ ಟಿವಿ ಹಾಕಿದೆ. ಕೂತಲ್ಲೇ ಕೂತಳು. ನಾನೂ ಹೆಂಡತಿಯೂ ನೆಮ್ಮದಿಯಾಗಿ ನೇಯ್ದೆವು.

ಮಗ್ಗದ ಮನೆಯ ಮಾತು ನಿಮಗೆ ಗೊತ್ತಿರಲಿಕ್ಕಿಲ್ಲ. ಮಗ್ಗ ಓಡುವಾಗ ನಾವು ಕೂಗುವುದಿಲ್ಲ. ತುಟಿ ಆಡಿಸಿದರೆ ಸಾಕು, ನಾಲ್ಕನೇ ಮಗ್ಗದ ಹತ್ತಿರ ನಿಂತ ಹೆಂಡತಿಗೆ ನನಗೆ ಕಾಫಿ ಬೇಕೆಂಬುದೂ ತಿಳಿಯುತ್ತದೆ, ಸಕ್ಕರೆ ಕಮ್ಮಿ ಎಂಬುದೂ. ಗಿರಿಜಾ ಕೂಡ ಹಾಗೇ ಕಲಿತಳು. ಜಾಣೆ ಅಂತ ಬೀಗಿದೆವು. ಶಾಲೆಗೆ ಸೇರಿಸಿದ ತಿಂಗಳಿಗೇ ಮೇಡಂ ಕರೆಸಿದರು.

"ನಿಮ್ ಹುಡುಗಿ ಬರೀ ತುಟಿ ಆಡಿಸ್ತಾಳೆ, ದನಿನೇ ಬರಲ್ಲ. ಮಕ್ಕಳೆಲ್ಲ ಮೂಗಿ ಅಂತಾರೆ. ಡಾಕ್ಟರಿಗೆ ತೋರ್ಸಿದ್ರಾ?"

ಡಾಕ್ಟರು ಕಿವಿ, ಗಂಟಲು ಎರಡೂ ಸರಿಯಿವೆ ಅಂದರು. ಮನೆಯಲ್ಲಿ ಇವಳ ಜೊತೆ ಯಾರು ಮಾತಾಡುತ್ತಾರೆ ಎಂದು ಕೇಳಿದರು. ಟಿವಿ ಇದೆಯಲ್ಲ ಅಂದೆ.

"ಅದಕ್ಕೂ ಬಾಯಿಲ್ಲ ಅಂತನೂ ಹೇಳಿ," ಅಂದಳು ಹೆಂಡತಿ. "ಅಗ್ಗಕ್ಕೆ ತಂದಿರೋದಲ್ವಾ."

ಮುನ್ನೂರು ಕೊಟ್ಟು ಟಿವಿಗೆ ದನಿ ಹಾಕಿಸಿದೆ. ಮಗ್ಗ ನಿಲ್ಲದೆ ಅದು ಕೇಳುವುದೆಲ್ಲಿಂದ ಬಂತು? ದಿನಾ ಸಂಜೆ ಒಂದು ಗಂಟೆ ನಾಲ್ಕನ್ನೂ ನಿಲ್ಲಿಸಿದೆವು. ಸೀರೆ ಕೊಳ್ಳುವ ಸೇಟು ಗೊಣಗಿದ. ಮೊದಲೆರಡು ದಿನ ಅಷ್ಟು ನಿಶ್ಶಬ್ದದಲ್ಲೂ ನಾವಿಬ್ಬರು ತುಟಿಯನ್ನೇ ಆಡಿಸಿಕೊಂಡು ಕೂತಿದ್ದೆವು, ಅಭ್ಯಾಸ ನೋಡಿ. ಆಮೇಲೆ ಪರದೆಯ ಮೇಲೆ ಕಂಡದ್ದನ್ನೆಲ್ಲ ನಾನು ಬಾಯಿಬಿಟ್ಟು ಹೇಳತೊಡಗಿದೆ. ವಾರಗಟ್ಟಲೆ ಅವಳು ನನ್ನ ತುಟಿಯನ್ನಷ್ಟೇ ನೋಡಿದಳು.

ಒಂದು ಸಂಜೆ ವಾರ್ತೆ ಓದುವವಳ ಕಡೆ ಬೆರಳು ತೋರಿಸಿ, ಎಳೆಯಷ್ಟು ತೆಳುವಾದ ದನಿಯಲ್ಲಿ ಕೇಳಿದಳು: "ಅಪ್ಪಾ, ಆಯಮ್ಮನ ಸೀರೆ ಯಾವ ಬಣ್ಣ?"

ಬೂದು ಬಿಟ್ಟು ಬೇರೇನೂ ಕಾಣದ ಪೆಟ್ಟಿಗೆ ಅದು. ನೀನೇ ಹೇಳಮ್ಮ ಅಂದೆ. ಊಟದ ಹೊತ್ತಿನವರೆಗೂ ಹೇಳುತ್ತಲೇ ಇದ್ದಳು.

ಗುಜರಿಯವನಿಗೆ ನೂರೈವತ್ತಕ್ಕೆ ಕೊಟ್ಟೆ. ಇಟ್ಟುಕೊಂಡು ಪೂಜೆ ಮಾಡುವುದೇನಿದೆ? ಒಳಗೆ ಗಿರಿಜಾಳ ಮಗ ಫೋನ್ ನೋಡುತ್ತ, ಬಾಯಲ್ಲಿ ತುತ್ತಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಕೂತು, ಅದೇನಪ್ಪಾ ನಂಗೂ ಹೇಳು ಅಂದೆ.

ನೀವೂ ಮಕ್ಕಳಿಗೆ ಟಿವಿಯೋ ಫೋನೋ ಕೊಡಿಸಿ, ಬೇಡವೆನ್ನುವುದಿಲ್ಲ. ಆದರೆ ಬೆಲೆ ಲೆಕ್ಕ ಹಾಕುವಾಗ ಪಕ್ಕದಲ್ಲಿ ನೀವು ಕೂರಬೇಕಾದ ಒಂದು ಗಂಟೆಯನ್ನೂ ಸೇರಿಸಿ. ಅದೊಂದರಲ್ಲಿ ಚೌಕಾಸಿ ಮಾಡಬೇಡಿ.