ಹಿಮವಿಲ್ಲದ ಊರಿನ ಜಾರು ರಸ್ತೆ

ನನಗೆ ಕಾರು ಓಡಿಸಲು ಕಲಿಸಿದವರು ನನ್ನ ಸೋದರಮಾವ. ಸೇನೆಯಲ್ಲಿ ಲಾರಿ ಚಾಲಕರಾಗಿ ದುಡಿದು, ಹೆಚ್ಚಿನ ಚಳಿಗಾಲಗಳನ್ನು ಲಡಾಖಿನ ಹಿಮದ ರಸ್ತೆಗಳಲ್ಲಿ ಕಳೆದು ಶಹಾಪುರಕ್ಕೆ ಮರಳಿದವರು. ನಾನು ಕಕ್ಕೇರಾದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶಹಾಪುರದಿಂದ ಸುರಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎರಡನೆಯದು ಸಿಕ್ಕರೆ ಪುಣ್ಯ. ಬೇಸತ್ತು ಹಳೆಯ ಕಾರೊಂದನ್ನು ಕೊಂಡೆ.

ಬೇರೆ ಯಾರಾದರೂ ಹದಿನೈದು ದಿನದಲ್ಲಿ ಕಲಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಮಾಮ ಎರಡು ತಿಂಗಳು ತೆಗೆದುಕೊಂಡರು. ಮಳೆ ನಿಂತ ಕೂಡಲೇ ನನ್ನನ್ನು ಕಾಲುವೆಯ ಮಣ್ಣುದಾರಿಗೆ ಕರೆದೊಯ್ಯುವರು. ಎರೆಮಣ್ಣು ಬೆಣ್ಣೆಯಂತೆ ಜಾರುವ ಹೊತ್ತೇ ಅವರಿಗೆ ಬೇಕು. ಎರಡನೇ ಗೇರಿನಲ್ಲಿ ಹೊರಡಬೇಕು, ಬ್ರೇಕ್ ಮುಟ್ಟಬಾರದು, ಗೇರು ಇಳಿಸಿಯೇ ವೇಗ ತಗ್ಗಿಸಬೇಕು, ಹಿಂದಿನ ಗಾಲಿ ಜಾರಿದ ಕಡೆಗೇ ಸ್ಟೇರಿಂಗನ್ನು ಮೆಲ್ಲಗೆ ತಿರುಗಿಸಬೇಕು. ಹೆಪ್ಪುಗಟ್ಟಿದ ನೀರು ಕಣ್ಣಿಗೆ ಕಾಣುವುದಿಲ್ಲ, ಡಾಂಬರಿನ ಬಣ್ಣದಲ್ಲೇ ಇರುತ್ತದೆ ಎನ್ನುವರು. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಮಾಮಾ, ನಮ್ಮಲ್ಲಿ ಬಿಸಿಲಿಗೆ ಡಾಂಬರೇ ಕರಗ್ತದ. ಹಿಮದ ಪಾಠ ನನಗ್ಯಾಕ?"

ಅವರು ಇನ್ನೊಂದು ಸುತ್ತು ಹೊಡೆಸಿದರು.

ಮರುವರ್ಷದ ನಾಟಿಯ ಸಮಯ. ಸುರಪುರದ ರಸ್ತೆಯ ಎರಡೂ ಬದಿಗೆ ಭತ್ತದ ಗದ್ದೆಗಳು. ಕೆಸರು ಉಳುವ ಟ್ರ್ಯಾಕ್ಟರುಗಳು ಕಬ್ಬಿಣದ ಪಂಜರದಂಥ ಗಾಲಿಗಳ ಮೇಲೆಯೇ ಈ ಕಡೆಯ ಗದ್ದೆಯಿಂದ ಆ ಕಡೆಗೆ ರಸ್ತೆ ದಾಟುತ್ತವೆ. ಹೆಂಟೆ ಹೆಂಟೆ ಮಣ್ಣು ಡಾಂಬರಿನ ಮೇಲೆ ಬೀಳುತ್ತದೆ. ಒಣಗಿದರೆ ಧೂಳು. ಆ ಬೆಳಗ್ಗೆ ಸಣ್ಣಗೆ ಮಳೆ ಜಿನುಗುತ್ತಿತ್ತು, ಒಣಗಲಿಲ್ಲ.

ಮಕ್ಕಳಿಗೆ ಪರೀಕ್ಷೆಯಿತ್ತು, ನನಗೆ ತಡವಾಗಿತ್ತು. ತಿರುವಿನಲ್ಲಿ ಮುಂದಿದ್ದ ಆಟೋ ಒಮ್ಮೆಲೇ ನಿಧಾನವಾಯಿತು. ಎರಡು ತಿಂಗಳು ಕಲಿತದ್ದೆಲ್ಲ ಮರೆತು ನನ್ನ ಕಾಲು ಬ್ರೇಕನ್ನು ಬಲವಾಗಿ ಒತ್ತಿತು. ಆಮೇಲೆ ಕಾರು ನನ್ನ ಮಾತು ಕೇಳಲಿಲ್ಲ. ಅಡ್ಡ ತಿರುಗಿ, ಪಕ್ಕಕ್ಕೆ ಜಾರಿ, ಒಂದು ಗಾಲಿ ಚರಂಡಿಗೆ ಇಳಿದು ನಿಂತಿತು. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಗಂಡಹೆಂಡತಿ ನನ್ನನ್ನು ತಪ್ಪಿಸಲು ಹೋಗಿ ಕೆಸರಿನಲ್ಲಿ ಉರುಳಿದರು. ಗಂಡನಿಗೆ ಏನೂ ಆಗಲಿಲ್ಲ. ಹೆಂಡತಿಯ ಮೊಣಕೈ ತರಚಿ ರಕ್ತ ಬಂದಿತ್ತು, ಕ್ಯಾನಿನ ಹಾಲು ಚೆಲ್ಲಿತ್ತು. ಆಕೆ ಬೈಯಲಿಲ್ಲ. ಕೂತಲ್ಲಿಂದಲೇ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ನೀರಿನಿಂದ ಗಾಯ ತೊಳೆದು ನನ್ನ ಕರವಸ್ತ್ರ ಕಟ್ಟಿದೆ.

ಗದ್ದೆಯಿಂದ ಟ್ರ್ಯಾಕ್ಟರಿನವನು ಬಂದ. ಯಾರೂ ಕೇಳದಿದ್ದರೂ ಸರಪಳಿ ಕಟ್ಟಿ ಕಾರನ್ನು ಮೇಲಕ್ಕೆಳೆದ. ಸರಪಳಿ ಬಿಚ್ಚುತ್ತ, "ಅಕ್ಕೋರ, ನೀವು ಬಸ್ಸಿಗೇ ಹೋಗಬೇಕಿತ್ರಿ" ಎಂದ.

ನನ್ನ ಮೈ ಉರಿಯಿತು. ಈ ಮಣ್ಣು ನಿನ್ನದೇ ಅಲ್ಲವೇ ಎಂದು ಕೇಳಿದೆ. ಅವನು ಸಿಟ್ಟಾಗಲಿಲ್ಲ. ಕಬ್ಬಿಣದ ಗಾಲಿ ಬಿಚ್ಚಿ ರಬ್ಬರಿನದು ಹಾಕಲು ಒಂದು ತಾಸು ಬೇಕು, ದಿನಕ್ಕೆ ನಾಲ್ಕು ಸಲ ದಾಟಬೇಕು ಎಂದು ವಿವರಿಸಿದ. ಕೊನೆಗೆ, "ನೀವೂ ಅನ್ನ ಉಣ್ತೀರಲ್ರಿ?" ಎಂದ. ಅದು ನಿಜವಾದ್ದಕ್ಕೇ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಫೋನು ಮಾಡಿದ ಮೇಲೆ ಮಾಮ ಬಸ್ಸಿನಲ್ಲಿ ಬಂದಿಳಿದರು. ಕಾರನ್ನು ನೋಡಲಿಲ್ಲ. ಚಪ್ಪಲಿಯ ಅಂಚಿನಿಂದ ರಸ್ತೆಯನ್ನು ಉಜ್ಜಿ ನೋಡಿದರು.

"ಬ್ರೇಕ್ ಒತ್ತಿದಿ."

"ಒತ್ತಿದೆ. ಮಣ್ಣು ಚೆಲ್ಲಿದವರದು ತಪ್ಪಲ್ಲೇನು?"

"ಅವರದೂ ಅದ. ಹಿಮಕ್ಕ ಬೈಕೋತ ಗಾಡಿ ಹೊಡದ ಮಂದೀನ ನಾ ಭಾಳ ನೋಡೀನಿ. ಹಿಮ ಏನ್ ಕರಗಲಿಲ್ಲ."

"ಇದು ಮ್ಯಾಲಿಂದ ಬಿದ್ದಿದ್ದಲ್ಲ ಮಾಮಾ. ಹಾಕಿದವರು ಇಲ್ಲೇ ನಿಂತಾರ."

ಅವರು "ಅದು ಖರೆ" ಎಂದು, ಟ್ರ್ಯಾಕ್ಟರಿನವನಿಂದ ಎರಡು ಸಲಿಕೆ ಇಸಿದುಕೊಂಡು ಒಂದನ್ನು ನನ್ನ ಕೈಗೆ ಕೊಟ್ಟರು. ಇಬ್ಬರೂ ತಿರುವಿನ ಅರ್ಧದಷ್ಟು ಕೆರೆದೆವು. ಅಷ್ಟರಲ್ಲಿ ಇನ್ನೆರಡು ಟ್ರ್ಯಾಕ್ಟರು ದಾಟಿ ಹೋದವು.

ನಾನು ಸುಮ್ಮನಿರಲಿಲ್ಲ. ಪಂಚಾಯಿತಿಗೆ ಅರ್ಜಿ ಕೊಟ್ಟೆ. ರಸ್ತೆ ತಮ್ಮದಲ್ಲ ಎಂದರು. ರಸ್ತೆಯ ಕಚೇರಿಯವರು ಟ್ರ್ಯಾಕ್ಟರು ತಮಗೆ ಸಂಬಂಧಿಸಿದ್ದಲ್ಲ ಎಂದರು. ಠಾಣೆಯಲ್ಲಿ, ಯಾರಿಗಾದರೂ ಏನಾದರೂ ಆಗಿದೆಯೇ ಎಂದು ಕೇಳಿದರು. ತರಚಿದ ಮೊಣಕೈ ಅವರ ಲೆಕ್ಕಕ್ಕೆ ಬರಲಿಲ್ಲ.

ಈಗ ನಾಟಿಯ ದಿನಗಳಲ್ಲಿ ಮುಕ್ಕಾಲು ತಾಸು ಮೊದಲೇ ಮನೆ ಬಿಡುತ್ತೇನೆ. ಆ ತಿರುವನ್ನು ಎರಡನೇ ಗೇರಿನಲ್ಲಿ, ಬ್ರೇಕ್ ಮುಟ್ಟದೆ ದಾಟುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇರುತ್ತಾರೆ. ಕೆಲವರು ಪಕ್ಕದಲ್ಲಿ ಹಾದು ಹೋಗುವಾಗ ತಲೆ ಹೊರಹಾಕಿ, ಹೆಂಗಸರಿಗೆ ಲೈಸೆನ್ಸ್ ಕೊಟ್ಟವರನ್ನು ಬೈಯುತ್ತಾರೆ. ನಾನು ತಿರುಗಿ ನೋಡುವುದಿಲ್ಲ. ಶಾಲೆ ಮುಟ್ಟಿ ಕಾರಿನಿಂದ ಇಳಿಯುವ ಹೊತ್ತಿಗೆ, ಅಷ್ಟು ಹೊತ್ತು ಬಿಗಿಹಿಡಿದ ಬಲಗಾಲು ನೋಯುತ್ತಿರುತ್ತದೆ.