ಡ್ರಾಯರಿನೊಳಗಿನ ಮತದಾರರು

ಕಪಾಟಿನೊಳಗೆ ಮಗುವೊಂದು ನಗುತ್ತಿತ್ತು. ಕಿಲಕಿಲನೆ ನಕ್ಕು, ಒಮ್ಮೆ ಉಸಿರೆಳೆದುಕೊಂಡು, ಮತ್ತೆ ನಗುತ್ತಿತ್ತು. ಕೊಡೆಯಕ್ಕ ಊಟದ ಡಬ್ಬಿಯ ಮುಚ್ಚಳವನ್ನು ಅರ್ಧ ತೆರೆದವಳು ಹಾಗೇ ಬಿಟ್ಟು ಎದ್ದಳು. ಹಿಂದಿನ ಸಂಜೆ ಬಸ್ಸಿನ ಸೀಟಿನ ಕೆಳಗೆ ಸಿಕ್ಕಿದ್ದ ಕೆಂಪು ಪರ್ಸು, ಅದರೊಳಗಿನ ಫೋನು. ಯಾರೋ ತಮ್ಮ ಮಗುವಿನ ನಗುವನ್ನೇ ರಿಂಗ್‌ಟೋನ್ ಮಾಡಿಕೊಂಡಿದ್ದರು.

"ಹಲೋ, ಯಾರದು? ನನ್ನ ಫೋನು ನಿಮ್ಮ ಹತ್ರ ಹೇಗೆ ಬಂತು?" ಆ ಕಡೆಯ ಹೆಂಗಸಿನ ದನಿಯಲ್ಲಿ ಜಗಳವೂ ಇತ್ತು, ಅಳುವೂ ಇತ್ತು.

"ಬಸ್ಸಲ್ಲಿ ಬಂತಮ್ಮ. ನೀವು ಇಳ್ಕೊಂಡ್ರಿ, ಅದು ಇಳೀಲಿಲ್ಲ. ಇದು ಬಸ್ ನಿಲ್ದಾಣ, ಕಳೆದ ವಸ್ತುಗಳ ಕೋಣೆ."

"ಅಯ್ಯೋ, ಸದ್ಯ! ಅಕ್ಕ, ಪರ್ಸಲ್ಲಿ ನನ್ನ ಕಾರ್ಡಿದೆ. ಬೆಳಿಗ್ಗೆ ಓಟು ಹಾಕೋಕೆ ಹೋದೆ, ವಾಪಸ್ ಕಳಿಸಿದ್ರು. ಹೋದ ಸಲ ಪಕ್ಕದ ಮನೆಯೋರು ಗುರುತು ಹೇಳಿದ್ರೆ ಬಿಡ್ತಿದ್ರು. ಈ ಸಲ ಕಾರ್ಡಿಲ್ದೆ ಬಾಗಿಲೂ ದಾಟಂಗಿಲ್ವಂತೆ. ಈಗ್ಲೇ ಓಡಿ ಬರ್ತೀನಿ."

"ಬನ್ನಿ. ಬರೋವಾಗ ಫೋಟೋ ಇರೋ ಗುರುತಿನ ಚೀಟಿ ತನ್ನಿ."

ಹೆಂಗಸು ನಿಧಾನವಾಗಿ ಕೇಳಿದಳು. "ಅಕ್ಕ, ಅದೇ ಅಲ್ವಾ ನಿಮ್ಮ ಹತ್ರ ಇರೋದು?"

ಈ ಪ್ರಶ್ನೆಯನ್ನು ಕೊಡೆಯಕ್ಕ ಒಂಬತ್ತು ವರ್ಷಗಳಿಂದ ಕೇಳುತ್ತ ಬಂದಿದ್ದಳು. ಪ್ರತಿ ಸಲವೂ "ನಿಯಮ ಹಾಗಿದೆ" ಎಂದು ಹೇಳಿ ಮುಗಿಸುತ್ತಿದ್ದಳು. ಇವತ್ತು ಆ ಮಾತು ಹೇಳಲಿಲ್ಲ. "ನೀವು ಓಟು ಹಾಕೋದು ಎಲ್ಲಿ?" ಎಂದಳು.

"ಮಾರ್ಕೆಟ್ ಹಿಂದಿನ ಶಾಲೇಲಿ."

"ಅಲ್ಲೇ ಇರಿ. ನಾನೇ ಬರ್ತೀನಿ."

ಅವಳಿಗೆ ಕೊಡೆಯಕ್ಕ ಎಂಬ ಹೆಸರು ಬಂದದ್ದು ಆ ಕೋಣೆಯಿಂದ. ನಿಲ್ದಾಣದ ಮೆಟ್ಟಿಲುಗಳ ಕೆಳಗಿನ ಇಳಿಜಾರು ಚಾವಣಿಯ ಕೋಣೆ ಅದು. ಒಳಗೆ ಹೋದವರು ಒಮ್ಮೆಯಾದರೂ ತಲೆ ಹೊಡೆಸಿಕೊಳ್ಳದೆ ಬರುತ್ತಿರಲಿಲ್ಲ. ಗೋಡೆಯುದ್ದಕ್ಕೂ ರೆಕ್ಕೆ ಮಡಿಚಿದ ಬಾವಲಿಗಳಂತೆ ನೇತಾಡುವ ಕೊಡೆಗಳು, ಮೂರು ಕಪಾಟು, ಜೊತೆ ತಪ್ಪಿದ ಚಪ್ಪಲಿಗಳು, ಬಾಟಲಿಯೊಳಗೆ ಒಂದು ಸೆಟ್ಟು ಹಲ್ಲು, ಒಂದು ಊರುಗೋಲು. ಊರುಗೋಲು ಮರೆತವರು ಬಸ್ಸಿನಿಂದ ಇಳಿದು ಹೇಗೆ ನಡೆದುಹೋದರೋ ಅವಳಿಗೆ ಇವತ್ತಿಗೂ ಬಗೆಹರಿದಿರಲಿಲ್ಲ. ಮನೆಯಲ್ಲಿ ಬಟ್ಟೆ ಹೊಲಿಯುವ ತಂಗಿ ಮಳೆಗಾಲದಲ್ಲೆಲ್ಲ ಒಂದೇ ರಾಗ ಎಳೆಯುತ್ತಿದ್ದಳು: "ಊರವರ ಕೊಡೆ ಕಾಯೋಳು ನೀನು, ನೆನ್ಕೊಂಡು ಬರೋಳೂ ನೀನೇ."

ಅದಕ್ಕೂ ಮೊದಲು ಅವಳು ಹನ್ನೆರಡು ವರ್ಷ ಕಂಡಕ್ಟರ್ ಆಗಿದ್ದಳು. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಎಂಜಿನ್ನಿನ ಸದ್ದನ್ನೂ ಸೀಳಿಕೊಂಡು ಡ್ರೈವರನಿಗೆ ಕೇಳಿಸುವ ಕಂಠ. ಮಂಡಿ ಕೈಕೊಟ್ಟ ಮೇಲೆ ಈ ಕೋಣೆಗೆ ಹಾಕಿದರು. ಬಂದ ಒಂದೇ ವರ್ಷದಲ್ಲಿ ಅವಳು ತನ್ನದೇ ಒಂದು ವಿದ್ಯೆ ಕಂಡುಕೊಂಡಳು. ಕೊಡೆ ಕೇಳಿಕೊಂಡು ಬಂದವರನ್ನು ಬಣ್ಣ ಯಾವುದೆಂದು ಕೇಳುತ್ತಿರಲಿಲ್ಲ. ಬಣ್ಣ ಕಳ್ಳನಿಗೂ ಗೊತ್ತಿರುತ್ತದೆ. "ಎಲ್ಲಿ ಮುರಿದಿದೆ?" ಎಂದು ಕೇಳುತ್ತಿದ್ದಳು. ನಿಜವಾದ ಒಡೆಯನಿಗೆ ತನ್ನ ವಸ್ತುವಿನ ಊನ ಗೊತ್ತಿರುತ್ತದೆ. ಅದನ್ನು ಹೇಳುವಾಗ ಅವನ ಮುಖದಲ್ಲಿ ಒಂದು ಬಗೆಯ ನಾಚಿಕೆ, ಒಂದು ಬಗೆಯ ಅಕ್ಕರೆ ಮೂಡುತ್ತದೆ. ಸುಳ್ಳುಗಾರನಿಗೆ ಆ ಮುಖ ಮಾಡಲು ಬರುವುದಿಲ್ಲ.

ಒಂದು ಸಲ ಮಾತ್ರ ಆ ವಿದ್ಯೆ ಅವಳ ಕಾಲಿಗೇ ಕೊಡಲಿ ಹಾಕಿತು. ಒಬ್ಬ ಗಂಡಸು ಬಂದು ಸೂಟ್‌ಕೇಸಿನ ಎಡಗಡೆಯ ಚಕ್ರ ಸಿಕ್ಕಿಕೊಳ್ಳುತ್ತದೆ ಎಂದ, ಒಳಗಿನ ಜೇಬು ಹರಿದಿದೆ ಎಂದ. ಎಲ್ಲ ಸರಿಯಾಗಿತ್ತು. ಕೊಟ್ಟು ಕಳಿಸಿದಳು. ಮಾರನೆಯ ದಿನ ಬಂದವಳು ಆ ಸೂಟ್‌ಕೇಸಿನ ನಿಜವಾದ ಒಡತಿ, ಅವನ ಹೆಂಡತಿ. ಅವನನ್ನು ಬಿಟ್ಟು ಹೊರಟಿದ್ದಳು, ಓದಿನ ಸರ್ಟಿಫಿಕೇಟುಗಳೆಲ್ಲ ಅದರಲ್ಲಿತ್ತು. ಗಂಡನಾದವನಿಗೂ ಊನಗಳೆಲ್ಲ ಗೊತ್ತಿರುತ್ತವೆ ಎಂಬುದು ಕೊಡೆಯಕ್ಕನಿಗೆ ಹೊಳೆದಿರಲಿಲ್ಲ. ಅದಾದ ಮೇಲೆಯೇ ಗೋಡೆಗೆ ಬೋರ್ಡು ಬಂದದ್ದು: ಫೋಟೋ ಇರುವ ಗುರುತಿನ ಚೀಟಿ ತೋರಿಸದೆ ಏನನ್ನೂ ಕೊಡಲಾಗುವುದಿಲ್ಲ. ತನ್ನ ತಪ್ಪಿನಿಂದ ಹುಟ್ಟಿದ ನಿಯಮ ಎಂದು ಅವಳು ಒಂಬತ್ತು ವರ್ಷ ತುಟಿಪಿಟಕ್ಕೆನ್ನದೆ ಪಾಲಿಸಿದಳು.

ಈಗ ಅವಳು ಮೇಜಿನ ಕೆಳಗಿನ ಡ್ರಾಯರು ಎಳೆದಳು. ಒಳಗೆ ಗುರುತಿನ ಚೀಟಿಗಳು, ರಬ್ಬರ್ ಬ್ಯಾಂಡ್ ಹಾಕಿದ ಎರಡು ಕಟ್ಟು. ಮನೆಯಲ್ಲಿ ಬೇರೊಂದು ಕಾರ್ಡು ಇದ್ದವರೆಲ್ಲ ಅದನ್ನು ತೋರಿಸಿ ತಮ್ಮದನ್ನು ಒಯ್ದಿದ್ದರು. ಇಲ್ಲಿ ಉಳಿದಿದ್ದವರು ಇದೊಂದನ್ನೇ ನಂಬಿದ್ದವರು. ಅವಳು ವಿಳಾಸಗಳನ್ನು ಓದುತ್ತ ಹೋದಳು. ಮಾರ್ಕೆಟ್ ಹಿಂದಿನ ಬೀದಿಗಳವು ಹದಿನಾಲ್ಕು ಸಿಕ್ಕವು. ಹದಿನಾಲ್ಕು ಮುಖಗಳು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಅವಳನ್ನೇ ನೋಡುತ್ತಿದ್ದವು.

ಸೂಟ್‌ಕೇಸಿಗೆ ಮುಖವಿರಲಿಲ್ಲ, ಇವಕ್ಕಿದೆಯಲ್ಲ ಎಂದುಕೊಂಡಳು. ಮುಖವೇ ಕೈಯಲ್ಲಿರುವಾಗ ಇನ್ನೊಂದು ಮುಖ ಯಾಕೆ ಕೇಳಬೇಕು?

ರಿಜಿಸ್ಟರ್ ತೆರೆದು, ಹದಿನಾಲ್ಕು ಕಾರ್ಡುಗಳ ಮತ್ತು ಒಂದು ಕೆಂಪು ಪರ್ಸಿನ ಮುಂದೆ "ವಾರಸುದಾರರಿಗೆ ತಲುಪಿಸಲು ಮಾರ್ಕೆಟ್ ಹಿಂದಿನ ಶಾಲೆಗೆ ಒಯ್ದಿದ್ದೇನೆ" ಎಂದು ದುಂಡಗೆ ಬರೆದು ಸಹಿ ಹಾಕಿದಳು. ಕದ್ದು ಒಯ್ಯುವವಳು ಸಹಿ ಹಾಕುತ್ತಾಳೆಯೇ? ಊಟದ ಡಬ್ಬಿಯನ್ನು ಮುಚ್ಚಿಟ್ಟು, ಅದರ ಚೀಲದಲ್ಲಿ ಕಾರ್ಡುಗಳನ್ನು ತುಂಬಿಕೊಂಡು, ಕೋಣೆಗೆ ಬೀಗ ಹಾಕಿ ಹೊರಟಳು.

ಶಾಲೆಯ ಗೇಟಿನಿಂದ ನೂರು ಮೀಟರಿಗೆ ಸುಣ್ಣದ ಗೆರೆ ಎಳೆದಿದ್ದರು. ಗೆರೆಯ ಈಚೆಗಿದ್ದ ಮುಚ್ಚಿದ ಅಂಗಡಿಯ ಕಟ್ಟೆ ಹತ್ತಿ ನಿಂತು ಕೊಡೆಯಕ್ಕ ಹಳೆಯ ಕಂಠ ಬಿಚ್ಚಿದಳು. "ಬಸ್ಸಲ್ಲಿ ಕಾರ್ಡು ಕಳ್ಕೊಂಡೋರು ಯಾರ್ರೀ? ಬನ್ನಿ, ಬನ್ನಿ! ಮೂರನೇ ಅಡ್ಡರಸ್ತೆ ಯಾರು? ನೀರಿನ ಟ್ಯಾಂಕಿ ಹಿಂದಿನೋರು ಯಾರು?"

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಮೊದಲು ಓಡಿಬಂದವಳು ಫೋನಿನಲ್ಲಿ ಮಾತಾಡಿದ್ದ ಹೆಂಗಸು, ಬೇಕರಿ ಕೆಲಸದವಳು. ಮೊಣಕೈವರೆಗೆ ಮೈದಾ ಹಿಟ್ಟು.

"ಪರ್ಸಿನ ಊನ ಏನು ಹೇಳಮ್ಮ."

"ಝಿಪ್ಪು ಅರ್ಧಕ್ಕೆ ನಿಂತ್ಬಿಡುತ್ತೆ ಅಕ್ಕ. ಕೂದಲಿನ ಪಿನ್ನು ಸಿಕ್ಕಿಸಿದೀನಿ."

"ಆ ನಗು ಯಾರದು?"

ಬೇಕರಿಯವಳ ಮುಖ ಸಡಿಲಾಯಿತು. "ನನ್ನ ಮಗಂದು. ಈಗ ಮೀಸೆ ಬಂದಿದೆ. ಮನೇಲಿ ನಗೋದೇ ಇಲ್ಲ ಮಹಾರಾಯ, ಇದೊಂದೇ ಉಳಿದಿರೋದು."

ಪರ್ಸು ಕೈಸೇರಿತು. ಅವಳು ಹಿಟ್ಟಿನ ಕೈಯಲ್ಲೇ ಕೊಡೆಯಕ್ಕನ ಕೆನ್ನೆ ಮುಟ್ಟಿ, ಬಿಳಿಯ ಗುರುತು ಉಳಿಸಿ ಸಾಲಿನತ್ತ ಓಡಿದಳು. ಸುದ್ದಿ ಬೀದಿಗಳಿಗೆ ಹಬ್ಬಿತು. ಬೆಳಿಗ್ಗೆ ವಾಪಸ್ಸು ಹೋಗಿದ್ದವರು ಒಬ್ಬೊಬ್ಬರಾಗಿ ಬರತೊಡಗಿದರು. ಗಾರೆ ಕೆಲಸದ ಮುದುಕನೊಬ್ಬ ಬಂದು ನಿಂತ. ಕಾರ್ಡಿನಲ್ಲಿ ಪೊದೆ ಮೀಸೆ, ಇವನ ಮುಖ ಬೋಳು.

"ಫೋಟೋದಲ್ಲಿ ಹಾಕಿರೋ ಅಂಗಿ ಎಂಥದು, ಅಜ್ಜ?"

"ಗೆರೆಗೆರೆದು. ನಂದಲ್ಲ ತಾಯಿ, ಭಾವಮೈದುನಂದು. ಆ ಪುಣ್ಯಾತ್ಮ ಇವತ್ತಿಗೂ ವಾಪಸ್ ಕೇಳ್ತಾನೆ."

ಸುತ್ತ ನಿಂತವರು ಗೊಳ್ಳೆಂದರು. ಯಾವುದೋ ಪಕ್ಷದ ಬ್ಯಾಡ್ಜು ಚುಚ್ಚಿಕೊಂಡವನೊಬ್ಬ ಮುಂದೆ ಬಂದ. "ಏನಮ್ಮ, ಯಾವ ಪಕ್ಷದ ಪರವಾಗಿ ಹಂಚ್ತಾ ಇದೀಯ?"

"ಕಳ್ಕೊಂಡೋರ ಪಕ್ಷ ಕಣಪ್ಪ. ನಮ್ಮ ಚಿಹ್ನೆ ಕೊಡೆ. ನಿಂದೇನಾದ್ರೂ ಕಳೆದಿದ್ರೆ ಹೇಳು, ಹುಡುಕಿಕೊಡ್ತೀನಿ."

ಗೆರೆಯ ಬಳಿಯಿದ್ದ ಪೊಲೀಸನೂ ನಗು ಮರೆಸಲು ಅತ್ತ ತಿರುಗಿದ.

ಐದು ಗಂಟೆಯ ಹೊತ್ತಿಗೆ ಮೇಲ್ವಿಚಾರಕ ಸ್ಕೂಟರಿನಲ್ಲಿ ಬಂದಿಳಿದ. ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಗೋಡೆಗೆ ಆ ಬೋರ್ಡು ಹಾಕಿಸಿದವನು ಅವನೇ. ತನ್ನ ಬಳಿಯಿದ್ದ ಇನ್ನೊಂದು ಬೀಗದಕೈಯಿಂದ ಕೋಣೆ ತೆರೆದು ಬಂದಿದ್ದ, ಕಂಕುಳಲ್ಲಿ ಅವಳ ರಿಜಿಸ್ಟರ್ ಇತ್ತು.

"ಮೇಡಂ, ಇದೇನಿದು? ಕೋಣೆಗೆ ಬೀಗ, ಇಲ್ಲಿ ಸಂತೆ! ನಿಲ್ದಾಣದ ವಸ್ತು ಬೀದೀಲಿ ಹಂಚೋಕೆ ನಿಮಗೆ ಯಾರು ಹೇಳಿದ್ದು?"

"ನಿಲ್ದಾಣದ್ದಲ್ಲ ಸರ್, ಇವರದ್ದು. ರಿಜಿಸ್ಟರಲ್ಲಿ ಬರೆದೇ ಬಂದಿದೀನಿ."

"ಬರೆದಿದ್ದಕ್ಕೇ ನನಗೆ ಗೊತ್ತಾಗಿದ್ದು! ಒಂದು ಸಲ ಸೂಟ್‌ಕೇಸಲ್ಲಿ ಅನುಭವಿಸಿದ್ದು ಸಾಲದಾ? ಗುರುತಿನ ಚೀಟಿ ನೋಡದೆ ಕೊಡಬಾರದು ಅಂತ ನಿಯಮ ಇದೆಯೋ ಇಲ್ವೋ?"

"ಗುರುತಿನ ಚೀಟೀನೇ ಕೊಡ್ತಾ ಇದೀನಿ ಸರ್. ಕನ್ನಡಿ ತಗೊಂಡು ಹೋಗೋಕೆ ಬಂದೋರ ಹತ್ರ ಕನ್ನಡಿ ತೋರ್ಸು ಅಂತ ಹೇಗೆ ಕೇಳ್ಲಿ?"

ಯಾರೋ ಹಿಂದಿನಿಂದ "ಹಾಗೆ ಹೇಳಕ್ಕಾ" ಎಂದರು. ಮೇಲ್ವಿಚಾರಕ ಅತ್ತ ನೋಡದೆ ಅವಳ ಹತ್ತಿರ ಬಂದು ದನಿ ತಗ್ಗಿಸಿದ.

"ನಿಮಗೆ ಇದು ಆಟ ಅನ್ನಿಸ್ತಿದೆ. ನಮ್ಮಪ್ಪ ಒಂದು ಸಲ ಇಸ್ತ್ರಿ ಅಂಗಿ ಹಾಕ್ಕೊಂಡು ಓಟಿಗೆ ಹೋದ್ರು. ನಿಮ್ಮ ಓಟು ಬೆಳಿಗ್ಗೇನೇ ಬಿದ್ದಾಗಿದೆ ಅಂದ್ರು. ಯಾವನೋ ಬಂದು ನಮ್ಮಪ್ಪನ ಹೆಸರು ಹೇಳಿ ಹಾಕಿ ಹೋಗಿದ್ದ. ಮನೆಗೆ ಬಂದು ಆ ಅಂಗಿ ಬಿಚ್ಚದೆ ಸಂಜೆವರೆಗೂ ಕೂತಿದ್ರು. ನಾನು ಕಣ್ಣಾರೆ ನೋಡಿದೀನಿ. ಕಾರ್ಡು ಕೇಳಿದ್ದಿದ್ರೆ ಹಾಗಾಗ್ತಿತ್ತಾ?"

ಹತ್ತು ವರ್ಷ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದ್ದರೂ ಅವನಿಗೊಬ್ಬ ಅಪ್ಪನಿದ್ದ ಎಂಬುದು ಕೊಡೆಯಕ್ಕನಿಗೆ ತಿಳಿದದ್ದು ಈಗಲೇ. ಕಟ್ಟೆಯಿಂದ ಕೆಳಗಿಳಿದು ಅವನ ಸಮಕ್ಕೆ ನಿಂತಳು.

"ನಿಮ್ಮಪ್ಪನಿಗೆ ಆಗಿದ್ದು ಅನ್ಯಾಯ ಸರ್. ಕಾರ್ಡು ಬೇಡ ಅಂತ ನಾನೆಲ್ಲಿ ಅಂದೆ? ಬೆಳಿಗ್ಗೆ ನಾನೂ ಕಾರ್ಡು ತೋರ್ಸಿನೇ ಹಾಕಿ ಬಂದೆ." ಮಸಿಯ ಬೆರಳೆತ್ತಿ ತೋರಿಸಿದಳು. "ಆದ್ರೆ ಕಾರ್ಡಿಲ್ಲದೋರೆಲ್ಲ ನಿಮ್ಮಪ್ಪನ ಓಟು ಕದ್ದೋರಲ್ಲ. ನೆಗಡಿ ಬಂತು ಅಂತ ಮೂಗೇ ಕುಯ್ದ್ರೆ ಹೇಗೆ? ಇವತ್ತು ಬೆಳಿಗ್ಗೆ ಈ ಗೇಟಿಂದ ವಾಪಸ್ ಹೋದೋರು ಮನೇಲಿ ಹೇಗೆ ಕೂತಿರ್ತಾರೆ? ನಿಮ್ಮಪ್ಪ ಕೂತಿದ್ರಲ್ಲ, ಹಾಗೇ. ಅವರ ಓಟು ತಿಂದೋನು ಯಾವನೋ ಕಳ್ಳ. ಇವರದನ್ನ ತಿಂತಾ ಇರೋದು ನನ್ನ ಡ್ರಾಯರು. ಕಳ್ಳನಿಗಾದ್ರೂ ನಾಚಿಕೆ ಇರುತ್ತೆ, ಓಡಿಹೋಗ್ತಾನೆ. ನಾನು ದಿನಾ ಬಂದು ಅಲ್ಲೇ ಕೂತ್ಕೋಬೇಕಲ್ಲ ಸರ್."

ಮೇಲ್ವಿಚಾರಕ ರಿಜಿಸ್ಟರನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. "ಅದೆಲ್ಲ ಭಾಷಣ. ನಾನು ವರದಿ ಬರೀಲೇಬೇಕು. ಇನ್ನೂ ನಾಲ್ಕು ವರ್ಷ ಸರ್ವೀಸ್ ಬಾಕಿ ಇರೋವಾಗ ಕೆಲಸ ಕಳ್ಕೋತೀರಿ, ಗೊತ್ತಾ?"

"ಬರೀರಿ ಸರ್. ಹದಿನಾಲ್ಕೂ ಬರೀರಿ, ಒಂದೂ ಬಿಡಬೇಡಿ. ನನ್ನ ಪೂರ್ತಿ ಹೆಸರು ಬರೀರಿ. ಕೊಡೆಯಕ್ಕ ಅಂತ ಬರೆದ್ರೆ ಹೆಡ್ ಆಫೀಸಲ್ಲಿ ಯಾರಿಗೂ ಗುರುತು ಸಿಗಲ್ಲ."

"ಉಳಿದಿರೋದೆಷ್ಟು?"

"ಒಂದು."

ಅವನು ಕೈ ಚಾಚಿದ. "ಅದನ್ನಾದ್ರೂ ಇಲ್ಲಿ ಕೊಡಿ. ಹದಿಮೂರಕ್ಕೇ ನಿಲ್ಲಲಿ. ಒಂದು ವಾಪಸ್ ತಂದಿದೀರಿ ಅಂತ ಬರೆದು ಏನಾದ್ರೂ ಮಾಡೋಕಾಗುತ್ತಾ ನೋಡ್ತೀನಿ."

ಅವನ ದನಿಯಲ್ಲಿ ಮೋಸವಿರಲಿಲ್ಲ, ನಿಜವಾಗಿಯೂ ಅವಳನ್ನು ಉಳಿಸಲೆಂದೇ ಕೇಳುತ್ತಿದ್ದ. ಕೊಡೆಯಕ್ಕ ಕಾರ್ಡನ್ನು ಚೀಲದಿಂದ ತೆಗೆದಳು. ಉದ್ದ ಮುಖದ ಗಂಡಸು, ಒಂದು ಕಿವಿ ಫೋಟೋದ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಅಷ್ಟರಲ್ಲಿ ಓಟು ಹಾಕಿ ಬರುತ್ತಿದ್ದ ಹೆಂಗಸೊಬ್ಬಳು ಅವಳ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅಯ್ಯೋ, ಇವರು ನಮ್ಮ ಓಣಿಯೋರು! ಪಂಪ್‌ಹೌಸ್ ಪಕ್ಕದ ಹಸಿರು ಬಾಗಿಲು. ಬೆಳಿಗ್ಗೆ ಮೊದಲನೆಯೋರಾಗಿ ಬಂದಿದ್ರು ಕಣಕ್ಕ, ಹೊರಗೆ ಕಳಿಸಿದ್ರು. ಆಗಿಂದ ಬಾಗಿಲು ಹಾಕ್ಕೊಂಡಿದಾರೆ, ಯಾರು ಕರೆದ್ರೂ ಓ ಅಂತಿಲ್ಲ."

"ಎಷ್ಟು ದೂರ?"

"ಬೇಗ ನಡೆದ್ರೆ ಹತ್ತು ನಿಮಿಷ."

ಶಾಲೆಯ ಗಡಿಯಾರ ಐದೂ ಇಪ್ಪತ್ತೆಂಟು ತೋರಿಸುತ್ತಿತ್ತು. ಆರಕ್ಕೆ ಗೇಟು ಮುಚ್ಚುತ್ತದೆ.

"ಮೇಡಂ, ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಾ ಇದೀನಿ," ಮೇಲ್ವಿಚಾರಕ ಚಾಚಿದ ಕೈಯನ್ನು ಹಾಗೇ ಹಿಡಿದಿದ್ದ. "ಆ ಮನುಷ್ಯನಿಗೆ ಮುಂದಿನ ಚುನಾವಣೆ ಇದ್ದೇ ಇರುತ್ತೆ. ನಿಮಗೆ ಇನ್ನೊಂದು ಕೆಲಸ ಸಿಗುತ್ತಾ? ಒಂದು ಓಟಿಂದ ಯಾರು ಗೆಲ್ತಾರೆ, ಯಾರು ಸೋಲ್ತಾರೆ? ಸ್ವಲ್ಪ ಯೋಚನೆ ಮಾಡಿ, ನಾಳೆ ಬೆಳಿಗ್ಗೆ ನೀವೇ ಬಂದು ಒಂದು ಕ್ಷಮಾಪಣೆ ಪತ್ರ ಬರೆದು..."

ಕೊಡೆಯಕ್ಕ ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಚಾಚಿದ ಕೈಯ ಪಕ್ಕದಿಂದಲೇ ಹಾದು ಹೊರಟಳು. ಕುಂಟುವ ಮಂಡಿಗೆ ಅವಸರವೆಂದರೆ ಆಗದು, ಆದರೂ ಹೆಜ್ಜೆ ನಿಧಾನ ಮಾಡಲಿಲ್ಲ. ಹಿಂದಿನಿಂದ ಅವನು ಪತ್ರವನ್ನು ಯಾರಿಗೆ ಬರೆಯಬೇಕು, ಹೇಗೆ ಬರೆಯಬೇಕು ಎಂದು ಹೇಳುತ್ತಲೇ ಇದ್ದ. ಅವಳು ಆಗಲೇ ಬೀದಿಯ ತಿರುವಿನಲ್ಲಿ ಎದುರು ಬಂದವರನ್ನು ಪಂಪ್‌ಹೌಸಿನ ದಾರಿ ಕೇಳುತ್ತಿದ್ದಳು.